ಅಂತರರಾಷ್ಟ್ರೀಯ ಕಾನೂನು ಓದಲು ಎಲ್ಲಿಗೆ ಹೋಗಬೇಕು?

ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ವನುವಾಟು. ಅಲ್ಲಿ ಯೂನಿವರ್ಸಿಟಿ ಆಫ್ ದಿ ಸೌತ್ ಪೆಸಿಫಿಕ್‌ನ ಕಾನೂನು ವಿದ್ಯಾರ್ಥಿಗಳು 27 ಮಂದಿ 2019ರಲ್ಲಿ ಒಂದು ಪ್ರಶ್ನೆ ಎತ್ತಿದರು: ಹವಾಮಾನ ಕೆಡಿಸಿದ ದೇಶಗಳಿಗೆ ಕಾನೂನಿನಲ್ಲಿ ಹೊಣೆ ಇದೆಯೇ? ಇದನ್ನು ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆಯೇ ಕೇಳಬೇಕೆಂದು ಅವರು ಪೆಸಿಫಿಕ್ ಸರ್ಕಾರಗಳಿಗೆ ಪತ್ರ ಬರೆದರು. ವನುವಾಟು ಸರ್ಕಾರ ಅದನ್ನು ಕೈಗೆತ್ತಿಕೊಂಡಿತು. 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಮ್ಮತದಿಂದ ನ್ಯಾಯಾಲಯದ ಅಭಿಪ್ರಾಯ ಕೋರಿತು. 2025ರ ಜುಲೈ 23ರಂದು ಹೇಗ್‌ನಲ್ಲಿ ಹದಿನೈದು ನ್ಯಾಯಾಧೀಶರು ಉತ್ತರ ಕೊಟ್ಟರು: ಹೊಣೆ ಇದೆ, ಮುರಿದರೆ ಅದರ ಪರಿಣಾಮವನ್ನೂ ಹೊರಬೇಕು. ಈಚಿನ ದಿನಗಳ ಬಹು ದೊಡ್ಡ ಅಂತರರಾಷ್ಟ್ರೀಯ ಕಾನೂನು ಪ್ರಕರಣವೊಂದು ಹುಟ್ಟಿದ್ದು ಜಾಗತಿಕ ರ್‍ಯಾಂಕಿಂಗ್ ಪಟ್ಟಿಯ ಮೇಲ್ತುದಿಯಲ್ಲಿ ಎಂದೂ ಕಾಣಿಸದ ಒಂದು ವಿಶ್ವವಿದ್ಯಾಲಯದ ತರಗತಿಯಲ್ಲಿ.

ನಮ್ಮಲ್ಲಿ ಎಲ್‌ಎಲ್‌ಬಿ ಮುಗಿಸಿ ಹೊರದೇಶದಲ್ಲಿ ಅಂತರರಾಷ್ಟ್ರೀಯ ಕಾನೂನಿನ ಎಲ್‌ಎಲ್‌ಎಂ ಮಾಡಬೇಕೆಂದು ಹೊರಡುವ ಮಕ್ಕಳ ಕೈಯಲ್ಲಿ ಮೊದಲು ಇರುವುದು ಆ ರ್‍ಯಾಂಕಿಂಗ್ ಪಟ್ಟಿಯೇ. ಅಂಥ ಪಟ್ಟಿಗಳಲ್ಲಿ ಹೆಸರಾದ ಕ್ಯೂಎಸ್ ಪಟ್ಟಿ ಕಾನೂನನ್ನು ಒಂದೇ ವಿಷಯವೆಂದು ಎಣಿಸುತ್ತದೆ. ಕಂಪನಿ ಕಾನೂನು, ತೆರಿಗೆ, ಅಪರಾಧ, ಅಂತರರಾಷ್ಟ್ರೀಯ ಕಾನೂನು ಎಲ್ಲವೂ ಅಲ್ಲಿ ಒಂದೇ ರಾಶಿ. ಅದರ ಅಂಕಗಳಲ್ಲಿ ದೊಡ್ಡ ಪಾಲು ಪ್ರಾಧ್ಯಾಪಕರು ಮತ್ತು ಉದ್ಯೋಗದಾತರು ತುಂಬಿಕೊಟ್ಟ ಅಭಿಪ್ರಾಯಗಳದ್ದು. ಸಮುದ್ರ ಕಾನೂನು ಓದಬೇಕೆಂದವರಿಗೆ ಆ ಪಟ್ಟಿ ಏನನ್ನೂ ಹೇಳುವುದಿಲ್ಲ. ಬಾಹ್ಯಾಕಾಶ ಕಾನೂನು ಓದುವವರನ್ನು ಅದು ತಪ್ಪು ಊರಿಗೇ ಕಳಿಸಬಹುದು.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು ಯಾವ ವಿಶ್ವವಿದ್ಯಾಲಯ ಎಂದಲ್ಲ, ಯಾವ ಅಂತರರಾಷ್ಟ್ರೀಯ ಕಾನೂನು ಎಂದು. ಎಲ್‌ಎಲ್‌ಬಿಯಲ್ಲಿ ಒಂದೇ ಕಡ್ಡಾಯ ಪತ್ರಿಕೆಯಾಗಿ ಓದಿದ ಈ ವಿಷಯ ಹೊರಗೆ ಹತ್ತಾರು ಕವಲುಗಳಾಗಿ ಒಡೆದಿದೆ. ಒಂದು ಕವಲಿನವರಿಗೆ ಇನ್ನೊಂದರ ಪರಿಭಾಷೆಯೇ ತಿಳಿಯದು ಎನ್ನುವಷ್ಟು ಅವು ದೂರ ಸರಿದಿವೆ.

ಬೆಂಗಳೂರಿನದೇ ಒಂದು ಪ್ರಕರಣ ನೋಡಿ. ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯಾ, ಎರಡೂ ಬೆಂಗಳೂರಿನ ಕಂಪನಿಗಳು. 2005ರಲ್ಲಿ ಉಪಗ್ರಹ ತರಂಗಾಂತರದ ಬಗ್ಗೆ ಒಪ್ಪಂದ ಮಾಡಿಕೊಂಡವು. 2011ರಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ದೇವಾಸ್ ಆರ್ಬಿಟ್ರೇಷನ್‌ಗೆ ಹೋಗಿ 2015ರಲ್ಲಿ 56.25 ಕೋಟಿ ಡಾಲರ್‌ನ ಆದೇಶ ಪಡೆಯಿತು. ಅದರ ಮಾರಿಷಸ್ ಹೂಡಿಕೆದಾರರು ಭಾರತ–ಮಾರಿಷಸ್ ಹೂಡಿಕೆ ಒಪ್ಪಂದ ಹಿಡಿದರು, ಇನ್ನೊಬ್ಬ ಹೂಡಿಕೆದಾರನಾದ ಜರ್ಮನಿಯ ಡಾಯ್ಚ ಟೆಲಿಕಾಂ ಭಾರತ–ಜರ್ಮನಿ ಒಪ್ಪಂದ ಹಿಡಿಯಿತು. ಎರಡೂ ಭಾರತ ಸರ್ಕಾರದ ವಿರುದ್ಧವೇ. ಇತ್ತ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ವಂಚನೆಯ ಕಾರಣಕ್ಕೆ ದೇವಾಸ್ ಅನ್ನು ಮುಚ್ಚಲು ಆದೇಶಿಸಿತು, 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಣ ವಸೂಲಿಯ ಹೋರಾಟ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2025ರ ಜೂನ್‌ನಲ್ಲಿ ಅಲ್ಲಿ ತೀರ್ಪು ಬಂತು. ಬಾಹ್ಯಾಕಾಶ, ವಾಣಿಜ್ಯ ಆರ್ಬಿಟ್ರೇಷನ್, ಹೂಡಿಕೆ ಒಪ್ಪಂದ, ಪರದೇಶದ ಕೋರ್ಟಿನಲ್ಲಿ ಸರ್ಕಾರಕ್ಕಿರುವ ರಕ್ಷೆ: ಈ ನಾಲ್ಕೂ ಬೇರೆ ಬೇರೆ ಕವಲು. ನಾಲ್ಕನ್ನೂ ಚೆನ್ನಾಗಿ ಕಲಿಸುವ ಊರುಗಳೂ ಬೇರೆ ಬೇರೆ.

ಬಾಹ್ಯಾಕಾಶ ಕಾನೂನಿಗೆ ಹಳೆಯ ಮನೆ ಕೆನಡಾದ ಮಾಂಟ್ರಿಯಲ್. ಅಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಾಯು ಮತ್ತು ಬಾಹ್ಯಾಕಾಶ ಕಾನೂನು ಸಂಸ್ಥೆ ಶುರುವಾದದ್ದು 1951ರಲ್ಲಿ, ಸ್ಪುಟ್ನಿಕ್ ಹಾರುವುದಕ್ಕೂ ಆರು ವರ್ಷ ಮೊದಲು. ನಾಗರಿಕ ವಿಮಾನಯಾನದ ವಿಶ್ವಸಂಸ್ಥೆಯ ಅಂಗ ಐಸಿಎಒ ಇರುವುದೂ ಅದೇ ಊರಿನಲ್ಲಿ. ಇದಕ್ಕೆ ಸಾಟಿಯಾಗಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲೂ ಇಂಥದೇ ಸಂಸ್ಥೆಯಿದೆ. ಖಾಸಗಿ ಉಪಗ್ರಹ ಕಂಪನಿಗಳು ಬೆಂಗಳೂರಿನಲ್ಲಿ ಬೆಳೆಯುತ್ತಿರುವ ಈ ಹೊತ್ತಿನಲ್ಲಿ ಕನ್ನಡದ ಹುಡುಗ ಹುಡುಗಿಯರು ಈ ಕವಲನ್ನು ಇನ್ನಷ್ಟು ಗಮನಿಸಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಓದಿ ಬಂದ ಮೇಲೆ ಕೆಲಸ ನಮ್ಮ ಊರಿನಲ್ಲೇ ಇರುವ ಅಪರೂಪದ ಅಂತರರಾಷ್ಟ್ರೀಯ ಕಾನೂನು ಇದು.

ಸಮುದ್ರದ ಕಾನೂನು ಬೇಕಾದವರಿಗೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿಯೇ ಇದೆ. ಹಡಗು, ಬಂದರು, ಸಾಗಾಟದ ಕಡೆ ಒಲವಿದ್ದರೆ ಮಾಲ್ಟಾ ದ್ವೀಪದಲ್ಲಿ 1988ರಲ್ಲಿ ಸ್ಥಾಪನೆಯಾದ ಐಎಂಎಲ್‌ಐ ಇದೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಮುಖ್ಯವಾಗಿ ಬಡ ಮತ್ತು ಬೆಳೆಯುತ್ತಿರುವ ದೇಶಗಳ ವಕೀಲರಿಗಾಗಿ ಕಟ್ಟಿದ ಶಾಲೆ ಅದು. ಅಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಆರ್ಬಿಟ್ರೇಷನ್‌ಗೆ ಲಂಡನ್‌ನ ಕ್ವೀನ್ ಮೇರಿ, ಸ್ವೀಡನ್‌ನ ಸ್ಟಾಕ್‌ಹೋಮ್, ಜಿನೀವಾದ ಎಂಐಡಿಎಸ್ ಕೋರ್ಸ್, ಮನೆಗೆ ಹತ್ತಿರದ ಸಿಂಗಪುರ. ಮಾನವ ಹಕ್ಕುಗಳಿಗೆ ಇಂಗ್ಲೆಂಡಿನ ಎಸೆಕ್ಸ್, ಐರ್ಲೆಂಡಿನ ಗಾಲ್ವೇ, ಸ್ವೀಡನ್‌ನ ಲುಂಡ್. ಯುದ್ಧಕಾಲದ ಮಾನವೀಯ ಕಾನೂನಿಗೆ ಜಿನೀವಾ ಅಕಾಡೆಮಿ. ಇವುಗಳಲ್ಲಿ ಎಸೆಕ್ಸ್, ಗಾಲ್ವೇ, ಮಾಲ್ಟಾ ಹೆಸರು ಹೇಳಿದರೆ ನಮ್ಮ ಬಂಧುಬಳಗದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ, ಆದರೆ ಆಯಾ ಕವಲಿನವರ ನಡುವೆ ಅವಕ್ಕೆ ಆಕ್ಸ್‌ಫರ್ಡ್‌ನಷ್ಟೇ ತೂಕವಿದೆ.

ವಾಣಿಜ್ಯ ಒಪ್ಪಂದಗಳ ಕಾನೂನಿನ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ವಿಶ್ವ ವಾಣಿಜ್ಯ ಸಂಸ್ಥೆಯ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಿಂದ ಸಾಕಷ್ಟು ನ್ಯಾಯಾಧೀಶರಿಲ್ಲದೆ ನಿಂತುಹೋಗಿದೆ. ಜಿನೀವಾದಲ್ಲಿ ವಾದ ಮಾಡುವ ವಕೀಲನಾಗುತ್ತೇನೆಂಬ ಕನಸಿನಿಂದ ಅದನ್ನು ಆರಿಸಿಕೊಂಡರೆ ನಿರಾಸೆ ಕಾದಿದೆ. ದೇಶ ದೇಶಗಳ ನಡುವಿನ ಒಪ್ಪಂದ ಬರೆಯುವ, ಪರಿಶೀಲಿಸುವ ಕೆಲಸವಾದರೆ ದೆಹಲಿಯಲ್ಲೇ ಈಗ ಹೆಚ್ಚಾಗಿದೆ.

ಕವಲು ಗಟ್ಟಿಯಾದ ಮೇಲೆ ಊರಿನ ಮಾತು. ಇದರಲ್ಲಿ ಹೇಗ್ ಮತ್ತು ಜಿನೀವಾ ಬೇರೆಯೇ ದರ್ಜೆಯವು. ಹೇಗ್‌ನ ಶಾಂತಿ ಅರಮನೆ 1913ರಲ್ಲಿ ತೆರೆಯಿತು. ಅಂತರರಾಷ್ಟ್ರೀಯ ನ್ಯಾಯಾಲಯ, 1899ರ ಶಾಶ್ವತ ಆರ್ಬಿಟ್ರೇಷನ್ ನ್ಯಾಯಾಲಯ, ಈ ವಿಷಯಕ್ಕೆ ಜಗತ್ತಿನಲ್ಲೇ ಹೆಸರಾದ ಒಂದು ಗ್ರಂಥಾಲಯ ಎಲ್ಲವೂ ಒಂದೇ ಆವರಣದಲ್ಲಿವೆ. ಪಾಕಿಸ್ತಾನದ ವಿರುದ್ಧದ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಭಾರತ ವಾದಿಸಿದ್ದು ಅಲ್ಲಿಯೇ. ಮಂಗಳೂರಿನಲ್ಲಿ ಹುಟ್ಟಿ ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ 1952ರಲ್ಲಿ ಆ ನ್ಯಾಯಾಲಯದ ಮೊದಲ ಭಾರತೀಯ ನ್ಯಾಯಾಧೀಶರಾಗಿ ಕುಳಿತದ್ದೂ ಅಲ್ಲಿಯೇ. 1575ರ ಲೈಡನ್ ವಿಶ್ವವಿದ್ಯಾಲಯ ಅಲ್ಲಿಂದ ರೈಲಿನಲ್ಲಿ ಕಾಲು ಗಂಟೆಯ ಹಾದಿ. ಈ ಶಾಸ್ತ್ರದ ಮೂಲಪುರುಷರಲ್ಲಿ ಒಬ್ಬನೆನಿಸಿದ ಗ್ರೋಷಿಯಸ್ ಹನ್ನೊಂದನೆಯ ವಯಸ್ಸಿಗೆ ಸೇರಿದ್ದು ಅದೇ ವಿಶ್ವವಿದ್ಯಾಲಯಕ್ಕೆ. ಲೈಡನ್‌ನಲ್ಲಿ ಓದುವವರಿಗೆ ಬಹಿರಂಗ ವಿಚಾರಣೆ ನೋಡುವುದು, ವಾದಿಸಲು ಬಂದ ವಕೀಲರ ಉಪನ್ಯಾಸ ಕೇಳುವುದು ಓದಿನ ಭಾಗವೇ ಆಗಿಬಿಡುತ್ತದೆ.

ಜಿನೀವಾದಲ್ಲಿ ನ್ಯಾಯಾಲಯಗಳಿಗಿಂತ ಸಂಸ್ಥೆಗಳು ಹೆಚ್ಚು: ರೆಡ್‌ಕ್ರಾಸ್, ಐಎಲ್‌ಒ, ನಿರಾಶ್ರಿತರ ಹೈಕಮಿಷನರ್, ಮಾನವ ಹಕ್ಕುಗಳ ಮಂಡಳಿ, ಬೌದ್ಧಿಕ ಆಸ್ತಿಯ ವೈಪೊ. 1927ರ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ ಇವರೆಲ್ಲರ ನಡುವೆ ಬೆಳೆದದ್ದು. ಆದರೆ ಆ ಊರು ವಿಪರೀತ ದುಬಾರಿ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. 2015ರಲ್ಲಿ ಅಲ್ಲಿ ಇಂಟರ್ನ್ ಆಗಿದ್ದ ಯುವಕನೊಬ್ಬ ಬಾಡಿಗೆ ಕೊಡಲಾಗದೆ ಸರೋವರದ ಬಳಿ ಡೇರೆ ಹಾಕಿಕೊಂಡದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಅಂತರರಾಷ್ಟ್ರೀಯ ಕಾನೂನಿನ ಉದ್ಯೋಗದ ಮೊದಲ ಮೆಟ್ಟಿಲು ಸಂಬಳವಿಲ್ಲದ ಕೆಲಸ ಎಂಬುದು ದೊಡ್ಡ ಅನ್ಯಾಯ. ನ್ಯಾಯದ ಹೆಸರಿನಲ್ಲಿ ನಡೆಯುವ ಸಂಸ್ಥೆಗಳು ಶ್ರೀಮಂತರ ಮಕ್ಕಳಿಗಷ್ಟೇ ಬಾಗಿಲು ತೆರೆದಂತೆ ಆಗುತ್ತದೆ.

ಇಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಬಹಳಷ್ಟು ಮಂದಿ ಕೇಳುವುದಿಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಜೊತೆ ಸುಮಾರು ಒಂದು ವರ್ಷ ಕೆಲಸ ಮಾಡುವ ಜುಡಿಶಿಯಲ್ ಫೆಲೋ ಸ್ಥಾನಕ್ಕೆ ವಿದ್ಯಾರ್ಥಿ ತಾನಾಗಿ ಅರ್ಜಿ ಹಾಕುವಂತಿಲ್ಲ, ವಿಶ್ವವಿದ್ಯಾಲಯ ಹೆಸರು ಸೂಚಿಸಬೇಕು. ಖರ್ಚನ್ನೂ ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ಹೊರಬೇಕು. ಹಾಗಾಗಿ ಶ್ರೀಮಂತ ವಿಶ್ವವಿದ್ಯಾಲಯಗಳದೇ ಅಲ್ಲಿ ಮೇಲುಗೈ ಆಗಿತ್ತು. ಬೆಳೆಯುತ್ತಿರುವ ದೇಶಗಳ ವಿದ್ಯಾರ್ಥಿಗಳಿಗಾಗಿ ಈಚೆಗೆ ಒಂದು ನಿಧಿ ಹುಟ್ಟಿಕೊಂಡಿದೆ. ನೀವು ಸೇರಬೇಕೆಂದಿರುವ ಕಡೆ ಇಂಥ ಹೆಸರು ಸೂಚಿಸುವ ಪದ್ಧತಿ ಇದೆಯೇ, ಎಲ್‌ಎಲ್‌ಎಂ ವಿದ್ಯಾರ್ಥಿಗಳಿಗೂ ಅದು ಸಿಗುತ್ತದೆಯೇ ಎಂದು ಇ–ಮೇಲ್ ಬರೆದು ಕೇಳಿ. ಬರುವ ಉತ್ತರದಿಂದಲೇ ಅವರ ಬಂಡವಾಳ ತಿಳಿಯುತ್ತದೆ.

ಭಾಷೆಯ ವಿಷಯವನ್ನೂ ಮರೆಯಬಾರದು. ಅಂತರರಾಷ್ಟ್ರೀಯ ನ್ಯಾಯಾಲಯದ ಅಧಿಕೃತ ಭಾಷೆಗಳು ಎರಡೇ, ಇಂಗ್ಲಿಷ್ ಮತ್ತು ಫ್ರೆಂಚ್. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ದಿನನಿತ್ಯದ ಕೆಲಸವೂ ಅವೆರಡರಲ್ಲೇ. ಇಂಗ್ಲಿಷ್ ಒಂದನ್ನೇ ಬಲ್ಲ ಭಾರತೀಯ ಅಭ್ಯರ್ಥಿ ಫ್ರೆಂಚ್ ಕೂಡ ಬಲ್ಲ ಸೆನೆಗಲ್‌ನ ಅಥವಾ ಲೆಬನಾನಿನ ಅಭ್ಯರ್ಥಿಯ ಎದುರು ಹಿಂದೆ ಬೀಳುತ್ತಾನೆ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಎರಡು ವರ್ಷ ಶ್ರದ್ಧೆಯಿಂದ ಕಲಿತ ಫ್ರೆಂಚ್, ದುಬಾರಿ ಪದವಿಯೊಂದಕ್ಕಿಂತ ಹೆಚ್ಚು ಬಾಗಿಲು ತೆರೆಯಬಲ್ಲದು ಎಂಬುದು ನನ್ನ ದೃಢ ನಂಬಿಕೆ.

ಅಧ್ಯಾಪಕರನ್ನು ನೋಡಿ ವಿಶ್ವವಿದ್ಯಾಲಯ ಆರಿಸುವುದು ಒಳ್ಳೆಯ ಕ್ರಮ, ಆದರೆ ಒಬ್ಬರನ್ನೇ ನಂಬಿ ಹೋಗಬಾರದು. ಈ ಕ್ಷೇತ್ರದ ದೊಡ್ಡ ಪ್ರಾಧ್ಯಾಪಕರು ನ್ಯಾಯಾಧೀಶರಾಗಿ ಹೊರಟುಬಿಡುತ್ತಾರೆ. ಕೇಂಬ್ರಿಜ್‌ಗೆ ಎಷ್ಟೋ ವಿದ್ಯಾರ್ಥಿಗಳನ್ನು ಸೆಳೆದಿದ್ದ ಜೇಮ್ಸ್ ಕ್ರಾಫರ್ಡ್ 2015ರಲ್ಲಿ ಹೇಗ್‌ನ ಪೀಠಕ್ಕೆ ಹೋದರು. ಅವರ ನಿಧನದ ನಂತರ 2021ರಲ್ಲಿ ಆ ಸ್ಥಾನಕ್ಕೆ ಆಯ್ಕೆಯಾದ ಹಿಲರಿ ಚಾರ್ಲ್ಸ್‌ವರ್ತ್ ಕೂಡ ಆಸ್ಟ್ರೇಲಿಯಾದ ಪ್ರಾಧ್ಯಾಪಕಿಯೇ. ಮೂರು ನಾಲ್ಕು ಮಂದಿ ಒಂದೇ ಕವಲಿನಲ್ಲಿ ಕೆಲಸ ಮಾಡುವ ಕಡೆ ಹೋದರೆ ಒಬ್ಬರು ಬಿಟ್ಟುಹೋದರೂ ಓದು ನಿಲ್ಲುವುದಿಲ್ಲ. ಆ ಪ್ರಾಧ್ಯಾಪಕರು ನೀವು ಸೇರುವ ವರ್ಷ ರಜೆಯಲ್ಲಿಲ್ಲವೆಂದೂ, ಎಲ್‌ಎಲ್‌ಎಂ ತರಗತಿಗೆ ತಾವೇ ಪಾಠ ಮಾಡುತ್ತಾರೆಂದೂ ಖಚಿತಪಡಿಸಿಕೊಳ್ಳಿ.

ಇನ್ನೊಂದು ಸಂಗತಿಯನ್ನು ನಾನು ಇದಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಅಂತರರಾಷ್ಟ್ರೀಯ ಕಾನೂನನ್ನು ಯಾರ ದೃಷ್ಟಿಯಿಂದ ಕಲಿಸಲಾಗುತ್ತದೆ? ಯುರೋಪಿನ ಸಾಮ್ರಾಜ್ಯಗಳು ತಮ್ಮ ವಸಾಹತುಗಳನ್ನು ಆಳಲು ಇದೇ ಕಾನೂನನ್ನು ಬಳಸಿದವು ಎಂಬುದನ್ನು ಶ್ರೀಲಂಕಾ ಮೂಲದ ಆಂಟನಿ ಆಂಗಿ ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾರೆ. ಅದಕ್ಕೂ ಮುಂಚೆ ದೆಹಲಿಯಲ್ಲಿ ಆರ್.ಪಿ. ಆನಂದ್, ಆಮೇಲೆ ಬಿ.ಎಸ್. ಚಿಮ್ನಿ ಇದೇ ಪ್ರಶ್ನೆಗಳನ್ನು ಎತ್ತಿದವರು. ಈ ಚಿಂತನೆಯನ್ನು ಗಂಭೀರವಾಗಿ ಕಲಿಸುವ ಮೆಲ್ಬರ್ನ್, ಲಂಡನ್‌ನ ಸೋಯಾಸ್, ಸಿಂಗಪುರಗಳಂಥ ಕಡೆ ಭಾರತೀಯ ವಿದ್ಯಾರ್ಥಿಗೆ ತನ್ನ ದೇಶದ ಅನುಭವವೇ ಓದಿನ ವಸ್ತುವಾಗುತ್ತದೆ. ಅದು ಇಲ್ಲದ ಕಡೆ ಬೇರೆಯವರ ಇತಿಹಾಸವನ್ನು ಚೆನ್ನಾಗಿ ಕಲಿತು ಬರುತ್ತಾನೆ, ಅಷ್ಟೆ. ಈ ಚಿಂತನೆಯ ಬೇರು ದೆಹಲಿಯಲ್ಲೇ ಇರುವುದರಿಂದ, ಹೊರಡುವ ಮುನ್ನ ಅಲ್ಲಿನ ಸೌತ್ ಏಷ್ಯನ್ ಯೂನಿವರ್ಸಿಟಿಯ ಅಂತರರಾಷ್ಟ್ರೀಯ ಕಾನೂನಿನ ಎಲ್‌ಎಲ್‌ಎಂ ಅನ್ನೂ ಒಮ್ಮೆ ನೋಡಬೇಕು.

ಆಕ್ಸ್‌ಫರ್ಡ್, ಕೇಂಬ್ರಿಜ್, ಹಾರ್ವರ್ಡ್‌ಗಳ ಬಗ್ಗೆ ಹೇಳಬೇಕಾದ್ದು ಕಡಿಮೆ. ಸೀಟು ಸಿಕ್ಕಿ, ವಿದ್ಯಾರ್ಥಿವೇತನವೂ ಸಿಕ್ಕಿದರೆ ಹೋಗಿ. ಆಕ್ಸ್‌ಫರ್ಡ್‌ನಲ್ಲಿ ಎಲ್‌ಎಲ್‌ಎಂ ಎಂಬ ಪದವಿಯಿಲ್ಲ, ಬಿಸಿಎಲ್ ಇದೆ. ಕೇಂಬ್ರಿಜ್‌ನ ಎಲ್‌ಎಲ್‌ಎಂ ಒಂಬತ್ತು ತಿಂಗಳಿನದು, ಅಂತರರಾಷ್ಟ್ರೀಯ ಕಾನೂನಿನ ಲಾಟರ್‌ಪಾಕ್ಟ್ ಕೇಂದ್ರ ಅಲ್ಲಿನ ಬಲ. ಅಮೆರಿಕದಲ್ಲಿ ಅಂತರರಾಷ್ಟ್ರೀಯ ಕಾನೂನಿಗೇ ಪ್ರತ್ಯೇಕ ಎಲ್‌ಎಲ್‌ಎಂ ನಡೆಸುವ ನ್ಯೂಯಾರ್ಕ್ ವಿಶ್ವವಿದ್ಯಾಲಯ, ಟಫ್ಟ್ಸ್‌ನ ಫ್ಲೆಚರ್ ಶಾಲೆ ಗಮನಿಸಬೇಕಾದವು. ಎಲ್‌ಎಲ್‌ಎಂ ಮಾಡಿದರೆ ಅಲ್ಲಿ ವಕೀಲಿಕೆ ಮಾಡಬಹುದು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಇದೆ. ನ್ಯೂಯಾರ್ಕ್‌ನಲ್ಲಿ ಬಾರ್ ಪರೀಕ್ಷೆಗೆ ಕೂರಲು ನಿಮ್ಮ ಎಲ್‌ಎಲ್‌ಬಿಯನ್ನು ಅಲ್ಲಿನ ಮಂಡಳಿ ಪರಿಶೀಲಿಸಬೇಕು, ಎಲ್‌ಎಲ್‌ಎಂ ಆಧಾರದ ಮೇಲೆ ಕೂರುವವರು ಅದರಲ್ಲಿ ಅವರು ಹೇಳಿದ ಕೆಲವು ವಿಷಯಗಳನ್ನು ತೆಗೆದುಕೊಂಡಿರಬೇಕು. ಪೂರ್ತಿ ಅಂತರರಾಷ್ಟ್ರೀಯ ಕಾನೂನನ್ನೇ ಓದಿದವರಿಗೆ ಇದು ತೊಡಕಾಗಬಹುದು. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು ಬೇಕಾದದ್ದು 2021ರಿಂದ ಜಾರಿಯಲ್ಲಿರುವ ಎಸ್‌ಕ್ಯುಇ ಪರೀಕ್ಷೆ, ಅದಕ್ಕೆ ಎಲ್‌ಎಲ್‌ಎಂ ಬೇಕೇ ಇಲ್ಲ.

ಈಗ ದುಡ್ಡು. ಅಮೆರಿಕದ ಹೆಸರಾಂತ ಕಾನೂನು ಶಾಲೆಗಳಲ್ಲಿ ಬೋಧನಾ ಶುಲ್ಕವೇ 70 ಸಾವಿರ ಡಾಲರ್ ಮೀರುತ್ತದೆ. ಊಟ, ವಸತಿ, ವಿಮೆ ಸೇರಿದರೆ ಒಂದು ವರ್ಷಕ್ಕೆ ಕೋಟಿ ರೂಪಾಯಿಯ ಆಸುಪಾಸು. ಲಂಡನ್ ಅದಕ್ಕಿಂತ ಕಡಿಮೆ, ನೆದರ್ಲೆಂಡ್ಸ್ ಇನ್ನೂ ಕಡಿಮೆ. ಶುಲ್ಕವಿಲ್ಲದ ಓಸ್ಲೊ ಎಂದು ಹಳೆಯ ವಿದ್ಯಾರ್ಥಿಗಳು ಹೇಳುತ್ತಿದ್ದರೆ ಅದು ಹಳೆಯ ಮಾತು. ನಾರ್ವೆ 2023ರಿಂದ ಯುರೋಪಿನ ಹೊರಗಿನವರಿಗೆ ಶುಲ್ಕ ಹಾಕಿದೆ.

50 ಲಕ್ಷ ರೂಪಾಯಿ ಸಾಲವನ್ನು ಶೇ 11ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸಬೇಕೆಂದರೆ ತಿಂಗಳ ಕಂತು ಸುಮಾರು 69 ಸಾವಿರ ರೂಪಾಯಿ. ಒಟ್ಟು ಕಟ್ಟುವುದು 82 ಲಕ್ಷ ದಾಟುತ್ತದೆ. ಓದಿ ಬಂದು ಹಿರಿಯ ವಕೀಲರ ಕಚೇರಿಯಲ್ಲಿ ಜೂನಿಯರ್ ಆಗಿ ಸೇರುವವರು ಈ ಕಂತು ಕಟ್ಟಲಾರರು. ವಿಶ್ವಸಂಸ್ಥೆಯೇ ಹಣದ ಮುಗ್ಗಟ್ಟಿನಿಂದ ಹುದ್ದೆ ಕಡಿತ ಮಾಡುತ್ತಿದೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಭಾರತ ಸದಸ್ಯನಲ್ಲ, ಅಲ್ಲಿನ ಖಾಯಂ ಹುದ್ದೆಗಳಲ್ಲಿ ಸದಸ್ಯ ದೇಶಗಳವರಿಗೇ ಆದ್ಯತೆ. ಅಪ್ಪ ಅಮ್ಮ ಮನೆಪತ್ರ ಬ್ಯಾಂಕಿನಲ್ಲಿಡುವ ಮುನ್ನ ಈ ಲೆಕ್ಕವನ್ನು ಮನೆಯವರೆಲ್ಲ ಕೂತು ಕಾಗದದ ಮೇಲೆ ಬರೆದು ನೋಡಬೇಕು. ಮಗನ ಅಥವಾ ಮಗಳ ಆಸೆಗೆ ಅಡ್ಡ ಬರಬಾರದೆಂದು ಸುಮ್ಮನಿರುವುದು ಪ್ರೀತಿಯಲ್ಲ.

ಓದಿದ ಮೇಲೆ ಅಲ್ಲೇ ಉಳಿದು ಸಂಪಾದಿಸಿ ಸಾಲ ತೀರಿಸುತ್ತೇವೆ ಎಂಬ ಲೆಕ್ಕವೂ ಅಲುಗಾಡುತ್ತಿದೆ. ಬ್ರಿಟನ್ನಿನಲ್ಲಿ ಪದವಿಯ ನಂತರ ಎರಡು ವರ್ಷ ಇರಲು ಕೊಡುತ್ತಿದ್ದ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಿಗೆ ಇಳಿಯಲಿದೆ. 2024ರಿಂದ ಅಲ್ಲಿ ಎಲ್‌ಎಲ್‌ಎಂನಂಥ ಕೋರ್ಸ್‌ಗೆ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಮದುವೆಯಾದ ಮೇಲೆ ಓದಲು ಹೊರಡುವ ಹೆಣ್ಣುಮಕ್ಕಳಿಗೆ ಇದರ ಪೆಟ್ಟು ಜಾಸ್ತಿ. ಅಮೆರಿಕದಲ್ಲಿ ಒಪಿಟಿ ಎಂಬ ಕೆಲಸದ ಅನುಮತಿ ಒಂದು ವರ್ಷ ಮಾತ್ರ, ಎಂಜಿನಿಯರಿಂಗ್ ಮಕ್ಕಳಿಗೆ ಸಿಗುವ ವಿಸ್ತರಣೆ ಕಾನೂನಿನವರಿಗಿಲ್ಲ. ನೆದರ್ಲೆಂಡ್ಸ್ ಪದವಿ ಪಡೆದ ಮೂರು ವರ್ಷದೊಳಗೆ ಯಾವಾಗ ಬೇಕಾದರೂ ಬಳಸಬಹುದಾದ ಒಂದು ವರ್ಷದ ಅನುಮತಿ ಕೊಡುತ್ತದೆ. ಇದ್ದುದರಲ್ಲಿ ಇದು ಉದಾರ.

ವಿದ್ಯಾರ್ಥಿವೇತನಗಳ ಹಾದಿ ಉದ್ದವಾದರೂ ಗಟ್ಟಿ. ಬ್ರಿಟನ್ನಿಗೆ ಚೀವ್‌ನಿಂಗ್ ಮತ್ತು ಕಾಮನ್‌ವೆಲ್ತ್, ಆಕ್ಸ್‌ಫರ್ಡ್ ಮತ್ತು ಸೋಯಾಸ್‌ಗೆ ಬಡ ಮನೆಯ ಭಾರತೀಯರಿಗೂ ಸಿಗುವ ಫೀಲಿಕ್ಸ್, ಕೇಂಬ್ರಿಜ್‌ಗೆ ಗೇಟ್ಸ್, ಬ್ರಿಟನ್, ಯುರೋಪ್, ಅಮೆರಿಕದ ಉನ್ನತ ಸಂಸ್ಥೆಗಳಿಗೆ ಇನ್ಲಾಕ್ಸ್. ಅಮೆರಿಕದ ಫುಲ್‌ಬ್ರೈಟ್–ನೆಹರು ಮಾಸ್ಟರ್ಸ್ ಫೆಲೋಶಿಪ್‌ನ ವಿಷಯಗಳಲ್ಲಿ ಅಂತರರಾಷ್ಟ್ರೀಯ ಕಾನೂನಿನ ಅಧ್ಯಯನವೂ ಸೇರಿದೆ, ಆದರೆ ಮೂರು ವರ್ಷದ ಕೆಲಸದ ಅನುಭವ ಕಡ್ಡಾಯ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ: 125 ಸ್ಥಾನ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ರೂಪಾಯಿ ಮೀರಬಾರದು, ವಯಸ್ಸು 35 ದಾಟಿರಬಾರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆಯೂ ಇದೆ. ಕೇಂದ್ರದ ಯೋಜನೆ ಕ್ಯೂಎಸ್ ಪಟ್ಟಿಯ ಮೊದಲ 500ರೊಳಗಿನ ವಿಶ್ವವಿದ್ಯಾಲಯಗಳನ್ನೇ ಒಪ್ಪುವುದರಿಂದ ಅಲ್ಲಿ ರ್‍ಯಾಂಕಿಂಗ್ ನೋಡದೆ ಗತಿಯಿಲ್ಲ. ಮಾಲ್ಟಾದಂಥ ವಿಶೇಷ ಸಂಸ್ಥೆಗಳು ಆ ಪಟ್ಟಿಯೊಳಗೇ ಬರುವುದಿಲ್ಲ. ದಲಿತ ವಿದ್ಯಾರ್ಥಿಯೊಬ್ಬಳು ಸಮುದ್ರ ಕಾನೂನಿನ ಅತ್ಯುತ್ತಮ ಶಾಲೆಗೆ ಹೋಗಲಾಗದಂತೆ ಈ ಷರತ್ತು ತಡೆಯುತ್ತದೆ. ಇದನ್ನು ಸರ್ಕಾರ ಬದಲಿಸಬೇಕು.

ಮರಳಿ ಬಂದು ಪಾಠ ಮಾಡಬೇಕೆಂದಿರುವವರು ಇನ್ನೊಂದು ತಿಳಿದಿರಬೇಕು. 2021ರ ಜನವರಿಯಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಪ್ರಕಟಿಸಿದ ನಿಯಮಗಳು ಹೊರದೇಶದ ಒಂದು ವರ್ಷದ ಎಲ್‌ಎಲ್‌ಎಂ ಇಲ್ಲಿನದಕ್ಕೆ ಸಮವಲ್ಲ ಎಂದವು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಹೊರದೇಶದ ಪದವಿಗಳಿಗೆ ಸಮಾನತೆ ಕೊಡಲು ಯುಜಿಸಿ 2025ರ ಏಪ್ರಿಲ್‌ನಲ್ಲಿ ತಂದ ನಿಯಮಗಳಿಂದ ಕಾನೂನಿನ ಪದವಿಯನ್ನು ಹೊರಗಿಡಲಾಗಿದೆ. ಅಧ್ಯಾಪಕ ಹುದ್ದೆಗೆ ಸಾಮಾನ್ಯವಾಗಿ ಎನ್‌ಇಟಿ ಪರೀಕ್ಷೆಯೂ ಬೇಕು. ಹೊರಗೆ ಎರಡು ವರ್ಷದ ಪದವಿ ಮಾಡುವುದು, ಇಲ್ಲವೇ ಇಲ್ಲೊಂದು ಎಲ್‌ಎಲ್‌ಎಂ ಮುಗಿಸಿ ಆಮೇಲೆ ಹೋಗುವುದು ಅಂಥವರಿಗೆ ಹೆಚ್ಚು ಸುರಕ್ಷಿತ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇದು. ಎಲ್‌ಎಲ್‌ಬಿ ಮುಗಿದ ಮರುವರ್ಷವೇ ಸಾಲ ಮಾಡಿ ಹೊರಡಬೇಡಿ. ಎರಡು ಮೂರು ವರ್ಷ ಇಲ್ಲಿ ಕೆಲಸ ಮಾಡಿ: ಹೈಕೋರ್ಟಿನಲ್ಲಿ, ಆರ್ಬಿಟ್ರೇಷನ್ ನಡೆಸುವ ಕಚೇರಿಯಲ್ಲಿ, ನಿರಾಶ್ರಿತರ ಪರ ದುಡಿಯುವ ಸಂಸ್ಥೆಯಲ್ಲಿ, ಉಪಗ್ರಹ ಕಂಪನಿಯಲ್ಲಿ. ಯಾವ ಕವಲು ನಿಮ್ಮದೆಂಬುದು ಆಗ ತಾನಾಗಿ ತಿಳಿಯುತ್ತದೆ, ವಿದ್ಯಾರ್ಥಿವೇತನದವರು ಕೇಳುವ ಅನುಭವವೂ ಆಗುತ್ತದೆ. ನಡುವೆ ಹೇಗ್ ಅಕಾಡೆಮಿಯ ಬೇಸಿಗೆ ತರಗತಿಗೆ ಅರ್ಜಿ ಹಾಕಿ. 1923ರಿಂದ ಶಾಂತಿ ಅರಮನೆಯ ಅಂಗಳದಲ್ಲಿ ನಡೆಯುತ್ತಿರುವ ಮೂರು ವಾರದ ಪಾಠ ಅದು, ಅದಕ್ಕೂ ವಿದ್ಯಾರ್ಥಿವೇತನವಿದೆ. ಎಲ್‌ಎಲ್‌ಎಂನ ಖರ್ಚಿನ ಸಣ್ಣ ಪಾಲಿನಲ್ಲಿ ಈ ಲೋಕ ನಿಮಗೆ ಒಗ್ಗುತ್ತದೆಯೇ ಎಂದು ಅಲ್ಲಿ ಗೊತ್ತಾಗುತ್ತದೆ. ಆಮೇಲೆ ಕವಲು, ಅಧ್ಯಾಪಕರು, ಊರು, ಹಣ ಈ ಕ್ರಮದಲ್ಲಿ ವಿಶ್ವವಿದ್ಯಾಲಯ ಆರಿಸಿ. ಸೀಟು ಸಿಕ್ಕ ಕೂಡಲೇ ಮುಂಗಡ ಕಟ್ಟಬೇಡಿ. ಆ ಕೋರ್ಸನ್ನು ಹಿಂದಿನ ಎರಡು ಮೂರು ವರ್ಷಗಳಲ್ಲಿ ಮುಗಿಸಿದ ಭಾರತೀಯರನ್ನು ಹುಡುಕಿ ಮಾತನಾಡಿ, ಈಗ ಏನು ಕೆಲಸ ಮಾಡುತ್ತಿದ್ದೀರಿ, ಸಾಲ ಎಷ್ಟು ಉಳಿದಿದೆ ಎಂದು ಸಂಕೋಚವಿಲ್ಲದೆ ಕೇಳಿ. ಬಹುಪಾಲು ಮಂದಿ ಮನಬಿಚ್ಚಿ ಹೇಳುತ್ತಾರೆ.